ಹೆಸರಿನ ಕೆಳಗಿನ ಸಾಲು

ಸುಳ್ಳಾಗಿದ್ದರೆ ತಿದ್ದಿಸಬಹುದಿತ್ತು ಎಂದು ಸರ್ವಮಂಗಳ ಮೇಡಂ ಆಡಿದ ಮಾತು, ಸೊರಬದಲ್ಲಿ ಬಸ್ಸು ಹತ್ತಿದಾಗಿನಿಂದ ನಾಗಶ್ರೀಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿತ್ತು. ಮೇಡಂ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಹಿತ್ತಲಲ್ಲಿ ತೊಂಡೆ ಚಪ್ಪರಕ್ಕೆ ನೀರು ಬಿಡುತ್ತಿದ್ದರು. ಹಳೆಯ ವಿದ್ಯಾರ್ಥಿನಿ ಬೆಳಗಾಗುತ್ತಲೇ ಬಂದು ಅಳುಮೋರೆ ಮಾಡಿಕೊಂಡು ನಿಂತದ್ದಕ್ಕೆ ತಮಗೆ ಗೊತ್ತಿದ್ದದ್ದನ್ನು ಹೇಳಿದ್ದರು, ಅಷ್ಟೆ. ನಾಗಶ್ರೀ ಕೇಳಿದ್ದೂ ದೊಡ್ಡದೇನಲ್ಲ. ಪತ್ರಿಕೆಯಲ್ಲಿ ಅಚ್ಚಾದ ತನ್ನ ಸಂಶೋಧನಾ ಲೇಖನದಲ್ಲಿ, ತನ್ನ ಹೆಸರಿನ ಕೆಳಗೆ, ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಹೆಸರಿದೆಯಲ್ಲ, ಆ ಒಂದು ಸಾಲನ್ನು ತೆಗೆಸಲು ಬರುತ್ತದೆಯೇ ಎಂದು.

"ನೀನು ಆ ಅಂಗಡೀಲಿ ಕೆಲಸ ಮಾಡ್ತಾ ಇರೋದು ಹೌದಲ್ಲ ಮಾರಾಯ್ತಿ?" ಎಂದಿದ್ದರು ಮೇಡಂ. "ಹೌದಾದ ಮೇಲೆ ತೆಗೀರಿ ಅಂತ ಯಾವ ಬಾಯಲ್ಲಿ ಕೇಳೋದು? ತಪ್ಪಿದ್ರೆ ಅವರು ತಿದ್ದುಪಡಿ ಹಾಕ್ತಾರೆ. ಇದರಲ್ಲಿ ತಪ್ಪೆಂತ ಉಂಟು? ಸುಳ್ಳಾಗಿದ್ರೆ ತಿದ್ದಿಸಬಹುದಿತ್ತು."

"ನಾನು ಕೆಲಸಾನೇ ಬಿಟ್ಟುಬಿಟ್ರೆ ಮೇಡಂ?"

"ಬಿಟ್ಟರೂ ಅದು ಹಾಗೇ ಇರತ್ತೆ ಕಣೇ. ಬರೆದ ಹೊತ್ತಿಗೆ ಎಲ್ಲಿದ್ದೆ ಅನ್ನೋದು ತಾನೇ ಅದು."

ಬರೆದ ಹೊತ್ತಿಗೆ ತಾನು ಎಲ್ಲಿದ್ದೆ ಎಂದು ಕಿಟಕಿಯ ಪಕ್ಕ ಕೂತು ನೆನೆದರೆ, ಅಂಗಡಿಯಲ್ಲಿ ಮಾತ್ರ ಇರಲಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರಗಳಲ್ಲಿ ತೊಗರ್ಸಿ ಕಡೆಯ ತವರಿಗೆ ಹೋಗಿ, ಕುರಿ ಕೂಡುವ ಅಪ್ಪನ ರೊಪ್ಪದಲ್ಲಿ, ಅವನ ದಾಯಾದಿಗಳ ರೊಪ್ಪಗಳಲ್ಲಿ, ಕುರಿಗಳ ಹಿಂದೆ ಹಿಂದೆ ತಿರುಗಿ ಬಿಸಿ ಹಿಕ್ಕೆ ಆರಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಎಮ್ಮೆಸ್ಸಿ ಓದಿಸಿದ್ದು ಹಿಕ್ಕೆ ಆರಿಸಾಕೇನೋ ಹುಚ್ಚರಾಯಪ್ಪ ಎಂದು ಕಟ್ಟೆಯ ಮೇಲಿನವರು ಅಪ್ಪನನ್ನು ಆಡಿಕೊಂಡರೆ ಅವನು, ಅದ್ರಾಗೇ ಎಲ್ಲಾ ಐತೆ ತಗಳ್ರೋ ಎಂದು ಗಂಭೀರವಾಗಿ ಹೇಳಿ ಬೀಡಿ ಹಚ್ಚುತ್ತಿದ್ದ. ಅದರಲ್ಲಿ ಏನಿದೆ ಎಂದು ಅವನಿಗೇನು ಗೊತ್ತಿತ್ತು. ಮೇಡಂ ಮನೆಯ ಹಳೇ ಸೂಕ್ಷ್ಮದರ್ಶಕದ ಕೆಳಗೆ ಜಂತುವಿನ ಮೊಟ್ಟೆಗಳನ್ನು ಎಣಿಸುತ್ತ ಕೂತಾಗ ಅವಳಿಗೆ ತನ್ನ ಮೇಲೆ ತನಗೇ ಒಂದು ಬಗೆಯ ಮರ್ಯಾದೆ ಹುಟ್ಟುತ್ತಿತ್ತು. ಔಷಧಿ ಕುಡಿಸುವ ಮೊದಲು ಎಷ್ಟು ಮೊಟ್ಟೆ, ಕುಡಿಸಿದ ಮೇಲೆ ಎಷ್ಟು ಮೊಟ್ಟೆ. ಸುತ್ತಲಿನ ಊರವರೆಲ್ಲ ಕುಡಿಸುವುದು ನೀಲಿ ಬಣ್ಣದ ಒಂದೇ ಔಷಧಿ, ಅದನ್ನು ಹೆಚ್ಚಾಗಿ ಮಾರುವುದು ಅವಳ ಅಂಗಡಿಯೇ. ಕುಡಿಸಿ ಕುಡಿಸಿ ಜಂತುಗಳಿಗೆ ಅದು ಊಟದಷ್ಟೇ ಒಗ್ಗಿಹೋಗಿತ್ತು. ಹಿಂಡು ಹಿಂಡುಗಳಲ್ಲಿ ಮೊಟ್ಟೆ ಇದ್ದಷ್ಟೇ ಇದ್ದವು. ಈ ಭಾಗದ ಕುರಿಗಳಿಗೆ ಈ ಔಷಧಿ ಇನ್ನು ನಡೆಯುವುದಿಲ್ಲ ಎನ್ನುವುದೇ ಅವಳ ಲೇಖನದ ಸಾರ. ಅದನ್ನು ಇಂಗ್ಲಿಷಿನಲ್ಲಿ ಎಷ್ಟು ನಯವಾಗಿ ಬರೆಯಬಹುದೋ ಅಷ್ಟು ನಯವಾಗಿ ಬರೆದಿದ್ದಳು.

ಎಲ್ಲ ಮುಗಿದ ಮೇಲೆ ಪತ್ರಿಕೆಯವರು, ನೀವು ಯಾವ ಸಂಸ್ಥೆಗೆ ಸೇರಿದವರು ಎಂದು ಕೇಳಿದರು. ಅಂಗಡಿ ಸುದ್ದಿ ಬೇಡ, ಸ್ವತಂತ್ರ ಸಂಶೋಧಕಿ ಅಂತ ಹಾಕು ಸಾಕು ಎಂದರು ಮೇಡಂ. ನಾಗಶ್ರೀಗೆ ಆ ಎರಡು ಪದ ಕಂಡದ್ದೇ ಬೇರೆ ಥರ. ಮದುವೆಯಾದ ಹೊಸತರಲ್ಲಿ ಗಂಡ ಶಿವರಾಮನ ನೆಂಟರ ಮದುವೆಗೆಂದು ಕುಬಟೂರಿಗೆ ಹೋದಾಗ, ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು ಹೋಳಿಗೆ ಮುರಿಯುತ್ತ, ನೀವು ಯಾರ ಪೈಕಿ ಎಂದು ಕೇಳಿದ್ದಳು. ನಾಗಶ್ರೀಗೆ ತಟ್ಟನೆ ಗಂಡನ ಮನೆತನದ ಹೆಸರು ನೆನಪಾಗಲಿಲ್ಲ. ಆ ಹೆಂಗಸು ಅವಳ ಎಲೆಯನ್ನೂ ಮುಖವನ್ನೂ ಒಮ್ಮೆ ನೋಡಿ, ಸರಿ ಉಣ್ಣಿ ಎಂದಳು. ಕರೆಯದೆ ಬಂದು ಉಂಡುಹೋಗುವವರಿಗೆ ಹೇಳುವ ಹಾಗೆ. ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಸ್ವತಂತ್ರ ಎಂದರೆ ಯಾರ ಪೈಕಿಯೂ ಅಲ್ಲ ಎಂದೇ ಅಲ್ಲವೇ. ದೇಶದೇಶದ ವಿದ್ವಾಂಸರು ವಿಶ್ವವಿದ್ಯಾಲಯಗಳ ಹೆಸರು ಹಚ್ಚಿಕೊಂಡು ಕೂತಿರುವ ಪಂಕ್ತಿಯಲ್ಲಿ ತಾನೊಬ್ಬಳು ಹೇಳುವವರು ಕೇಳುವವರು ಇಲ್ಲದವಳಂತೆ ಕೂರಬೇಕೇ? ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಒಳಗಿನದು ಇನ್ನೂ ಸಣ್ಣದು, ಹೇಳಿಕೊಳ್ಳಲು ನಾಚಿಕೆಯಾಗುವಂಥದು. ದಿನವಿಡೀ ನಿಲ್ಲಿಸಿ ಕೆಲಸ ಮಾಡಿಸುವ, ಗಿರಾಕಿಗಳ ಮುಂದೆ 'ನಮ್ಮ ಹುಡುಗಿ ಕೊಡ್ತಾಳೆ ತಗಳ್ರಿ' ಎನ್ನುವ ಮಾಲೀಕ ಮಹಾಂತೇಶ್ ಅಣ್ಣ ಒಂದು ಸಲ ತನ್ನನ್ನು ತಲೆಯೆತ್ತಿ ನೋಡಲಿ ಎಂಬ ಆಸೆ ಅದು.

ಮಹಾಂತೇಶ್ ಪಶು ಔಷಧಾಲಯ, ಶಿಕಾರಿಪುರ. ಆ ಹೆಸರು ಹಾಕಿಕೊಳ್ಳಲೇ ಎಂದು ಕೇಳಲು ಅವಳು ದುಡ್ಡಿನ ಗಲ್ಲೆಯ ಮುಂದೆ ನಿಂತ ದಿನ ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಮುಗಿಸುವ ತನಕ ನಿಂತಳು. ಮುಗಿಸಿ ಇನ್ನೊಂದು ಫೋನು ಹಚ್ಚಿದ, ಆಗಲೂ ನಿಂತಳು. ಕೊನೆಗೆ ಕೇಳಿದಾಗ ಅವನು, "ಊರ ಹೆಸ್ರೂ ಬರುತ್ತೇನು?" ಎಂದ. ಬರುತ್ತೆ ಎಂದಳು. "ಯಾತ್ರ ಬಗ್ಗೆ ಬರ್ದೀಯಮ್ಮ?" ಎಂದ. "ಕುರಿ ಜಂತಿನ ಔಷಧಿ ಬಗ್ಗೆ ಅಣ್ಣಾ," ಎಂದಳು. ಅಲ್ಲಿಗೆ ನಿಲ್ಲಿಸಿದಳು. ಔಷಧಿ ಹತ್ತುವುದಿಲ್ಲ ಎಂದು ಬರೆದಿದ್ದೇನೆ ಅಂತ ಇನ್ನೊಂದು ಮಾತು ಸೇರಿಸಿದ್ದರೆ ಅವನು ಬೇಡ ಎನ್ನುತ್ತಿದ್ದ, ಅವಳ ಹೆಸರಿನ ಕೆಳಗೆ ಆ ಸಾಲೂ ಬರುತ್ತಿರಲಿಲ್ಲ. ಅವನು ಕೇಳಲಿಲ್ಲ, ತಾನು ಹೇಳಲಿಲ್ಲ. ಇಬ್ಬರ ತಪ್ಪೂ ಸಮ ಎಂದು ಎಷ್ಟು ಸಲ ತೂಗಿ ನೋಡಿದರೂ ತಕ್ಕಡಿ ತನ್ನ ಕಡೆಗೇ ವಾಲುತ್ತದೆ. ಅವನು ಓದಿದವನಲ್ಲ. ಓದಿದವಳು ತಾನು.

ಬಸ್ಸು ಶಿರಾಳಕೊಪ್ಪ ದಾಟಿತು. ಶಿಕಾರಿಪುರದಲ್ಲಿ ಇಳಿದು ಬಂದರೆ ಅಂಗಡಿಯ ಮುಂದೆ ಫ್ಲೆಕ್ಸು ಈಗಲೂ ಕಟ್ಟಿತ್ತು. ಮೂರು ತಿಂಗಳ ಬಿಸಿಲಿಗೆ ಬಣ್ಣ ಬಿಳಿಚಿದ್ದರೂ ಅವಳ ಮುಖ ಗುರುತು ಸಿಗುತ್ತಿತ್ತು, ಮದುವೆಯ ಫೋಟೋದಿಂದ ಕತ್ತರಿಸಿದ್ದು. ಪಕ್ಕದಲ್ಲಿ ನೀಲಿ ಔಷಧಿಯ ಬಾಟಲಿ ಅವಳ ಮುಖಕ್ಕಿಂತ ದೊಡ್ಡದಾಗಿ. ವಿದೇಶಿ ಪತ್ರಿಕೆಯಲ್ಲಿ ನಮ್ಮ ಅಂಗಡಿ, ನಮ್ಮ ಔಷಧಿ, ನಮ್ಮ ಊರಿನ ಮಗಳು ಎಂದು ಅದರ ಮೇಲೆ ಬರೆಸಿದ್ದ ಮಹಾಂತೇಶ್. ಲೇಖನದ ಮೊದಲ ಪುಟವನ್ನು ಲ್ಯಾಮಿನೇಷನ್ ಮಾಡಿಸಿ ಲಕ್ಷ್ಮಿಯ ಪಟದ ಪಕ್ಕಕ್ಕೆ ತೂಗುಹಾಕಿದ್ದ. ದಿನಾ ಬೆಳಿಗ್ಗೆ ಲಕ್ಷ್ಮಿಗೆ ಕುಂಕುಮ ಇಟ್ಟ ಬೆರಳಿನಿಂದಲೇ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದ, ಚೆಂಡು ಹೂವು ಸಿಕ್ಕಿಸುತ್ತಿದ್ದ. ಔಷಧಿ ನಡೆಯುವುದಿಲ್ಲ ಎಂದು ಹೇಳುವ ಸಾಲಿನ ಮೇಲೆಯೇ ಆ ಬೊಟ್ಟು ಬೀಳುತ್ತಿತ್ತು. ಓದಬಲ್ಲವರು ಅಂಗಡಿಯ ಹೆಸರನ್ನು ಕೂಡಿಸಿಕೊಂಡು ಓದುತ್ತಿದ್ದರು, ಬಾರದವರು ಕೈ ಮುಗಿಯುತ್ತಿದ್ದರು. ಅವಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಬಂತು. ಕೂತರೆ ಅದು ಕಿರ್ರೆನ್ನುತ್ತದೆ, ಎದ್ದರೂ ಕಿರ್ರೆನ್ನುತ್ತದೆ, ಈಗೀಗ ಅವಳು ಅದರಲ್ಲಿ ಕೂರುವುದೇ ಕಡಿಮೆ.

ಫ್ಲೆಕ್ಸು ಕಟ್ಟಿದ ಮರುದಿನವೇ ಅವಳು ಹೇಳಿದ್ದಳು, ಹೇಳಲಿಲ್ಲವೆಂದಲ್ಲ. ಅಣ್ಣಾ, ಅದರಲ್ಲಿ ಔಷಧಿ ಹತ್ತಲ್ಲ ಅಂತ ಬರ್ದೀನಿ ಎಂದಾಗ ಮಹಾಂತೇಶ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪುಟವನ್ನು ತಲೆಯೆತ್ತಿ ನೋಡಿ, "ಇಂಗ್ಲೀಷಲ್ಲೈತಲ್ಲಮ್ಮ," ಎಂದ. "ಕಂಪನಿಯೋರು ಕಳ್ಸಿದ್ ಔಷಧಿ. ನಾನೇನ್ ಮನೇಲಿ ಕಾಯ್ಸೀನಾ? ನೀನು ತಲಿ ಕೆಡಿಸ್ಕಬ್ಯಾಡ," ಎಂದು ಅವಳಿಗೇ ಸಮಾಧಾನ ಹೇಳಿ, ಬಾಳೆಹಣ್ಣು ಕೊಟ್ಟ. ಅವಳು ಆ ಬಾಳೆಹಣ್ಣು ತಿಂದಳು. ಅದೇ ಅವಳಿಗೆ ಇವತ್ತಿಗೂ ನುಂಗಲಾಗದ ಸಂಗತಿ. ಅಂಥ ಮಾತು ಕೇಳಿಸಿಕೊಂಡೂ ಸಿಪ್ಪೆ ಸುಲಿದು, ತಿಂದು, ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಬಂದಳಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಡ್ಡಪ್ಪ ಮಾವ ಬಂದ. ಅವ್ವನ ತಮ್ಮ, ಅಪ್ಪನ ಊರಿನವನೇ, ಅಕ್ಕಪಕ್ಕದ ರೊಪ್ಪ. ಹೆಗಲ ಮೇಲಿನ ಕಂಬಳಿ ತೆಗೆದು ಮೆಟ್ಟಿಲ ಮೇಲಿಟ್ಟು, ಮೊದಲು ಪುಟಕ್ಕೆ ಕೈ ಮುಗಿದ. ಆಮೇಲೆ ಸುತ್ತ ನಿಂತ ಗಿರಾಕಿಗಳಿಗೆ ಕೇಳುವ ಹಾಗೆ, "ನಮ್ಮಕ್ಕನ ಮಗಳು ಇಕಿ," ಎಂದ. ಕುರಿಗಳ ಗದ್ದದ ಕೆಳಗೆ ನೀರು ಇಳಿದಿದೆ, ಕಣ್ಣು ಬೆಳ್ಳಗಾಗಿವೆ, ಬೆಳಿಗ್ಗೆ ರೊಪ್ಪದಿಂದ ಎಬ್ಬಿಸಿದರೆ ಏಳುವುದಿಲ್ಲ ಎಂದ. ಜಂತು ರಕ್ತ ಹೀರಿದ ಕುರಿಗಳ ಲಕ್ಷಣ ಹೀಗೇ ಎಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನೀಲಿ ಬಾಟ್ಲಿ ಕೊಡವ್ವ ಎಂದ.

ನಾಗಶ್ರೀ ಬಾಟಲಿ ತೆಗೆಯುವ ನೆಪದಲ್ಲಿ ಬಗ್ಗಿ, ದನಿ ತಗ್ಗಿಸಿದಳು. "ಮಾವ, ಇದು ಬ್ಯಾಡ. ಎದುರಿನ ಅಂಗಡೀಲಿ ಬೇರೆ ಐತೆ, ಬಿಳೇದು. ಅದನ್ನ ತಗಂಡು ಹೋಗು."

ಗುಡ್ಡಪ್ಪನ ಮುಖ ಇಳಿಯಿತು. "ನಾ ನಿನ್ ಅಂಗಡಿ ಬಿಟ್ಟು ಎದುರಿನೋನ ಹತ್ರ ಹೋದ್ರೆ ನಾಳೆ ಊರಾಗೆ ಏನಂತಾರ್ ನಾಗಿ? ಮಗಳ ಹಂಗಿರೋಳು ಕೂತಿರೋ ಅಂಗಡೀಗೆ ಇವ್ನೇ ಹೋಗ್ಲಿಲ್ಲ ಅಂತಾರೆ. ನಮ್ಮೋರು ಅಂತ ಯಾವುದಕ್ಕವ್ವ ಇರೋದು?" ಎಂದ. ಅವನ ದನಿ ಅವಳದರ ಹಾಗೆ ತಗ್ಗಿದ್ದಲ್ಲ. ಬಯಲಲ್ಲಿ ಕುರಿಗಳನ್ನು ಕೂಗಿ ಕರೆಯುವ ಗಂಟಲು. ಗಲ್ಲೆಯಲ್ಲಿದ್ದ ಮಹಾಂತೇಶ್ ತಲೆಯೆತ್ತಿದ. ಈಗ ಏನಾದರೂ ಅಂದಾನು ಎಂದು ಅವಳು ಬೆನ್ನು ಗಟ್ಟಿ ಮಾಡಿಕೊಂಡು ನಿಂತಳು. ಅವನು ಗುಡ್ಡಪ್ಪನಿಗೆ ಒಂದು ಚಾ ಹೇಳಿದ. ತಾನೇ ಎದ್ದು ಬಂದು ಅವಳ ಕುರ್ಚಿಯನ್ನು ಹತ್ತಿರ ಎಳೆದು, "ಕೂತ್ಕ ನಾಗಶ್ರೀ, ಬೆಳಿಗ್ಗೆಯಿಂದ ನಿಂತೇ ಇದೀಯ," ಎಂದ. ಅವಳು ಕೂತಳು. ಎಲ್ಲರೆದುರು ಕಿರ್ರೆಂದಿತು. ಉಂಡ ಮನೆಗೆ ಎರಡು ಬಗೆದವಳು ಎಂದು ಅವನು ಬಾಯಿಬಿಟ್ಟು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗುಡ್ಡಪ್ಪ ಬಾಟಲಿಗಳನ್ನು ಕಂಬಳಿಯಲ್ಲಿ ಸುತ್ತಿಕೊಳ್ಳುತ್ತ, "ನಿಮ್ಮಪ್ಪಂಗೆ ಇದೇ ಹತ್ತೈತೆ," ಎಂದ. "ಮಳಿಗಾಲ ಮುಗೀತಿದ್ದಂಗೇ ಕಟ್ಟೆ ತಾವ ಎಲ್ರ ಮುಂದೇನೇ ಕುಡಿಸ್ದ. ನಮ್ ಕುರಿ ಜಿಗ್ಗಂತ ಎದ್ವು ಅಂತ ಅವ್ನೇ ಹೇಳ್ದ. ಅದ್ಕೇ ಬಂದೀನಿ."

ನಾಗಶ್ರೀಗೆ ಅರ್ಥವಾಗಲಿಲ್ಲ. ಅಪ್ಪನಿಗೆ ತಾನೇ ಎದುರಿನ ಅಂಗಡಿಯ ಬಿಳಿ ಔಷಧಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಬಂದಿದ್ದಳು, ನೀಲಿಯದನ್ನು ಮುಟ್ಟಬೇಡ ಎಂದು ಹೇಳಿಯೂ ಇದ್ದಳು. ಅವನು ಆಗಲಿ ಎಂದಿದ್ದ. ಊರವರಿಗೆ ಹೇಳಲಾಗದಿದ್ದರೂ ಹೆತ್ತವನ ರೊಪ್ಪವಾದರೂ ಉಳಿಯಿತಲ್ಲ ಎಂಬ ಒಂದು ಹಿಡಿ ಸಮಾಧಾನದ ಮೇಲೆ ಅವಳು ಇಷ್ಟು ದಿನ ನಿದ್ದೆ ಮಾಡಿದ್ದಳು. ಸಂಜೆಯ ತನಕ ಅವಳ ಕೈ ಬಾಟಲಿಗಳನ್ನು ಕೊಡುತ್ತಿತ್ತು, ಚಿಲ್ಲರೆ ಎಣಿಸುತ್ತಿತ್ತು. ಮನಸ್ಸು ತೊಗರ್ಸಿಯ ದಾರಿಯಲ್ಲಿ ಓಡುತ್ತಿತ್ತು. ಅಪ್ಪ ಸುಳ್ಳು ಹೇಳುವವನಲ್ಲ. ಸಣ್ಣವಳಿದ್ದಾಗ, ಬೇರೆಯವರ ಮರಿಯೊಂದು ತಪ್ಪಿ ಇವರ ಹಿಂಡಿಗೆ ಸೇರಿದರೆ ಅದರ ಕಿವಿಯ ಗುರುತು ನೋಡಿಕೊಂಡು ಅಂಜನಾಪುರದ ತನಕ ನಡೆದುಹೋಗಿ ಒಪ್ಪಿಸಿ ಬಂದವನು. ಅವನು ಹತ್ತಿತು ಎಂದಿದ್ದರೆ ಹತ್ತಿಯೇ ಇರಬೇಕು. ಹಾಗಾದರೆ ತನ್ನ ಲೇಖನವೇ ತಪ್ಪೇ? ತಪ್ಪಾಗಿರಲಿ ದೇವರೇ ಎಂದು ಒಂದು ಗಳಿಗೆ ಅವಳು ನಿಜವಾಗಿಯೂ ಬೇಡಿಕೊಂಡಳು. ತಾನು ಎಣಿಸಿದ ಮೊಟ್ಟೆಗಳೆಲ್ಲ ಸುಳ್ಳಾಗಲಿ, ತನ್ನ ಕಣ್ಣೇ ಸುಳ್ಳಾಗಲಿ. ಸುಳ್ಳಾದರೆ ತಿದ್ದಿಸಬಹುದು.

ಶಿವರಾಮನಿಗೆ ಬರುವುದು ತಡವೆಂದು ಫೋನು ಮಾಡಿ, ಶಿರಾಳಕೊಪ್ಪದಲ್ಲಿ ಇಳಿದು ಟೆಂಪೋ ಹತ್ತಿದಳು. ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕುರಿಗಳು ರೊಪ್ಪ ಸೇರಿದ್ದವು. ಅವ್ವ ಹೂವಮ್ಮ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅಪ್ಪ ಬೇಲಿಯ ಮುಳ್ಳು ಸರಿಮಾಡುತ್ತಿದ್ದವನು ಅವಳನ್ನು ಕಂಡು, ಕಾಲು ತೊಳಿ ಎಂದ. ಅವಳು ಕಾಲು ತೊಳೆಯದೆ ರೊಪ್ಪದ ಬಾಯಲ್ಲಿ ನಿಂತಳು. ಸಂಜೆಯ ಹೊತ್ತು ತಾಯಿಗಳು ಬಂದ ಕೂಡಲೇ ಮರಿಗಳು ಚೀರುತ್ತ ಮೊಲೆಗೆ ನುಗ್ಗುವ ಗದ್ದಲ ಇರಲಿಲ್ಲ. ತಾಯಿಗಳು ಸುಮ್ಮನೆ ನಿಂತಿದ್ದವು.

"ಮರಿ ಎಲ್ಲಪ್ಪಾ?"

"ನಾಯಿ ಹಿಡಿದ್ವು," ಎಂದ ಹುಚ್ಚರಾಯಪ್ಪ, ಮುಳ್ಳಿನಿಂದ ಕಣ್ಣು ತೆಗೆಯದೆ. ಬೀದಿನಾಯಿಗಳ ಹಿಂಡು ಈಚೆಗೆ ಊರೂರಲ್ಲಿ ಕುರಿಗಳ ಮೇಲೆ ಬೀಳುತ್ತಿದ್ದದ್ದು ನಿಜ. ಆದರೆ ನಾಯಿ ಹಿಡಿದ ಮನೆಯಲ್ಲಿ ಬೈಗುಳ ಇರುತ್ತದೆ, ಬಡಿಗೆ ಇರುತ್ತದೆ, ಅಪ್ಪನ ಬಾಯಿ ಇಡೀ ಓಣಿಗೆ ಕೇಳುತ್ತಿರುತ್ತದೆ. ಇವನು ಮುಳ್ಳು ಸಿಕ್ಕಿಸುತ್ತಿದ್ದಾನೆ.

"ನಾ ಕೊಟ್ಟ ಬಿಳೇ ಔಷಧಿ ಕುಡಿಸಿದ್ಯಾ?"

ಅವನು ಇನ್ನೊಂದು ಮುಳ್ಳು ಎಳೆದು ಸಿಕ್ಕಿಸಿದ. ಅವಳು ಮತ್ತೆ ಕೇಳಿದಳು. ಅಪ್ಪಾ ಎಂದಳು. ಅವನು ಅಂಗೈಗೆ ಚುಚ್ಚಿದ ಮುಳ್ಳನ್ನು ಹಲ್ಲಿನಿಂದ ಕಿತ್ತು ಉಗುಳಿ, ಅವಳ ಕಡೆ ತಿರುಗಿದ. "ಹೆಂಗ್ ಕುಡಿಸ್ಲಿ ನಾಗವ್ವ? ಶಿಕಾರಿಪುರದಾಗ ನಿನ್ ಫೋಟೋ ಕಟ್ಯಾರೆ. ಹುಚ್ಚರಾಯಪ್ಪ ಮಗಳ ಅಂಗಡೀದು ಬಿಟ್ಟು ಬ್ಯಾರೆದು ಹಾಕ್ದ ಅಂದ್ರೆ ನಿನ್ ಮಾನ ಉಳೀತೈತಾ? ನೀಲೀದೇ ಹಾಕ್ದೆ. ಎಲ್ರ ಮುಂದೇನೇ ಹಾಕ್ದೆ."

"ಮರಿ ಸತ್ವಾ?"

"ಒಂದೊಂದೇ ಸತ್ವು. ನಾಯಿ ಹಿಡಿದ್ವು ಅಂತ ಹೇಳೀನಿ. ನಿಮ್ಮವ್ವಗೂ ಹಂಗೇ ಹೇಳೀನಿ." ಅವಳಿಗೆ ಸಮಾಧಾನವಾಗಲೆಂಬಂತೆ, "ಹಳ್ಳದ ದಂಡ್ಯಾಗೆ ಹೂತೀನಿ. ಆ ಬಿಳೇ ಬಾಟ್ಲೀನೂ ಅದ್ರಾಗೇ ಹಾಕ್ದೆ. ಯಾರಾರ ಕಂಡ್ರೆ ಕಷ್ಟ ನೋಡು," ಎಂದ.

ಅವಳಿಗೆ ಅಳು ಬರಲಿಲ್ಲ. ಅತ್ತರೆ ಅವನು, ಹೋದರೆ ಹೋದವು ಬಿಡು ಎಂದು ತಲೆ ಸವರುತ್ತಾನೆ, ಅದನ್ನು ತಾಳುವುದು ತನ್ನಿಂದಾಗದು ಎಂದು ಹೆದರಿದಳು. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೆನಿಸಿತು. ನಾನು ಬರೆದಿರುವುದೇ ಇದನ್ನು ಅಪ್ಪಾ, ಔಷಧಿ ಹತ್ತುವುದಿಲ್ಲ ಎಂದೇ ಬರೆದಿದ್ದೇನೆ, ಮರಿ ಸತ್ತರೆ ನನ್ನ ಮಾತು ನಿಜವಾಗುತ್ತದೆಯೇ ಹೊರತು ನನ್ನ ಮಾನ ಹೋಗುವುದಿಲ್ಲ ಎಂದು. ಹೇಳಿದಳು ಕೂಡ. ತೊದಲುತ್ತ, ಹಿಂದುಮುಂದಾಗಿ ಹೇಳಿದಳು. ಅಪ್ಪ ಎಲ್ಲ ಕೇಳಿಸಿಕೊಂಡ. ಅವನು ದಡ್ಡನಲ್ಲ, ಅರ್ಥವಾಯಿತು. ಅರ್ಥವಾದ ಮೇಲೆ ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ದಾರಿ ತಪ್ಪಿದವನ ದಿಗಿಲು. "ಹತ್ತಲ್ಲ ಅಂತ ಬರ್ದು, ಅದ್ರ ಕೆಳಗೆ ಆ ಅಂಗಡಿ ಹೆಸ್ರು ಯಾಕೆ ಹಾಕ್ದೆ ಮಗಾ?" ಎಂದು ಕೇಳಿದ. ಮೇಡಂ ಕೇಳದ, ಮಹಾಂತೇಶ್ ಕೇಳದ ಪ್ರಶ್ನೆ. ಅವಳ ಬಳಿ ಇದ್ದ ಉತ್ತರ ಆ ರೊಪ್ಪದ ಮುಂದೆ ಹೇಳುವಂಥದಾಗಿರಲಿಲ್ಲ.

ಅಷ್ಟರಲ್ಲಿ ಗುಡ್ಡಪ್ಪ ಒಂದು ಕುರಿಯನ್ನು ಕುತ್ತಿಗೆ ಹಿಡಿದು ಎಳೆದುಕೊಂಡೇ ಬಂದ, ಬಗಲಲ್ಲಿ ನೀಲಿ ಬಾಟಲಿ. ಟೆಂಪೋದಿಂದ ಅವಳು ಇಳಿದದ್ದನ್ನು ಯಾರೋ ಹೇಳಿರಬೇಕು. "ಬಂದೀಯಂತೆ, ಚಲೋ ಆತು. ಮೊದ್ಲುದು ನಿನ್ ಕೈಲೇ ಆಗ್ಲಿ," ಎಂದ. ಕುರಿಯ ಗದ್ದದ ಕೆಳಗೆ ನೀರು ತುಂಬಿದ ಚೀಲ ಜೋತಿತ್ತು. ನಾಲ್ಕು ಕಾಲೂ ನಡುಗುತ್ತಿದ್ದವು.

"ಇದು ಹತ್ತಲ್ಲ ಮಾವ," ಎಂದಳು ನಾಗಶ್ರೀ. ಈ ಸಲ ದನಿ ತಗ್ಗಿಸಲಿಲ್ಲ. "ನಾನು ಬರ್ದಿರೋದೂ ಅದನ್ನೇ. ಕುರಿ ಉಳಿಯಲ್ಲ. ನಾಳೆ ಬೇರೆದು ನಾನೇ ತಂದುಕೊಡ್ತೀನಿ."

ಗುಡ್ಡಪ್ಪ ಅವಳನ್ನು ನೋಡಿದ. ಮಧ್ಯಾಹ್ನ ಇಳಿದಿದ್ದ ಮುಖ ಈಗ ಗಂಟಾಯಿತು. "ನಿಮ್ಮವಕ್ಕೆ ಹತ್ತಿದ್ದು ನಮ್ಮವಕ್ಕೆ ಮಾತ್ರ ಹತ್ತಲ್ವಾ?" ಎಂದು, ಅವಳನ್ನು ಬಿಟ್ಟು ಹುಚ್ಚರಾಯಪ್ಪನ ಕಡೆ ತಿರುಗಿದ. "ಭಾವ, ನೀನೇ ಹೇಳು. ಹತ್ತಿತೋ ಇಲ್ಲೋ? ನಿನ್ ಮಾತಿನ ಮ್ಯಾಲೆ ಊರೆಲ್ಲಾ ಕುಡಿಸ್ತೈತೆ."

ಅಪ್ಪ ಹೇಳಲಿ ಎಂದು ಅವಳು ಅವನ ಬಾಯಿಯನ್ನೇ ನೋಡಿದಳು. ಹೇಳಿದರೆ ಸತ್ತ ಮರಿಗಳು ಹೊರಗೆ ಬರುತ್ತವೆ. ಹುಚ್ಚರಾಯಪ್ಪ ಊರಿಗೇ ಸುಳ್ಳು ಹೇಳಿದ, ಅವನ ಮಾತು ಕೇಳಿ ನಮ್ಮ ಕುರಿ ಸತ್ತವು ಎಂದಾಗುತ್ತದೆ. ಈ ಇಳಿವಯಸ್ಸಿನಲ್ಲಿ ಅವನು ಕಟ್ಟೆಯ ಮೇಲೆ ಕೂರುವುದು ಹೇಗೆ? ಹೇಳದಿದ್ದರೆ ಈ ಕುರಿ, ಇದರ ಹಿಂದೆ ಗುಡ್ಡಪ್ಪನ ಉಳಿದ ಕುರಿ, ಆಮೇಲೆ ಓಣಿಯ ಕುರಿ. ಅಪ್ಪ ಅವಳನ್ನು ಒಂದು ಸಲ ನೋಡಿದ. ಆ ನೋಟ ಅವಳ ಅಪ್ಪಣೆ ಕೇಳುತ್ತಿತ್ತೋ, ಕ್ಷಮೆ ಕೇಳುತ್ತಿತ್ತೋ ಅವಳಿಗೆ ತಿಳಿಯಲಿಲ್ಲ. ಅಪ್ಪ ಸುಳ್ಳು ಹೇಳಿದ್ದಾನೆ ಮಾವ ಎಂಬ ಮಾತು ಬಾಯಿಯ ತನಕ ಬಂದು, ಅಲ್ಲಿಯೇ ನಿಂತಿತು.

"ಹತ್ತೈತೆ," ಎಂದ ಹುಚ್ಚರಾಯಪ್ಪ. "ಅಕಿ ದಣಿದಾಳೆ, ಏನೇನೋ ಅಂತಾಳೆ. ನೀ ಕುಡ್ಸಪ್ಪಾ."

ಗುಡ್ಡಪ್ಪ ಕುರಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಸಿರಿಂಜಿಗೆ ಔಷಧಿ ಎಳೆದ. ಕುರಿ ತಲೆ ಕೊಸರಿತು. "ಹಿಡಿಯವ್ವ," ಎಂದ. ಹಿಡಿಯಲು ಅವಳಲ್ಲದೆ ಹತ್ತಿರ ಯಾರೂ ಇರಲಿಲ್ಲ. ಅಪ್ಪ ಮತ್ತೆ ಬೇಲಿಯ ಕಡೆ ಮುಖ ಮಾಡಿದ್ದ. ನಾಗಶ್ರೀ ಬಗ್ಗಿ, ನೀರು ತುಂಬಿದ ಆ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಬಾಯಿ ಬಿಡಿಸಿದಳು. ಕುರಿ ಗುಟುಕು ಗುಟುಕಾಗಿ ಎಲ್ಲವನ್ನೂ ನುಂಗಿತು. ತುಟಿಯ ಅಂಚಿನಿಂದ ಒಂದಿಷ್ಟು ನೀಲಿ ಇಳಿದು ಅವಳ ಕೈಗೆ ಹತ್ತಿತು.

ಗುಡ್ಡಪ್ಪನ ಮುಖ ಸಡಿಲಾಯಿತು. ಕುರಿಯ ಬೆನ್ನು ತಟ್ಟುತ್ತ, "ಮತ್ತೊಂದ್ಸಲ ಯಾವಾಗ ಹಾಕ್ಬೇಕು ನಾಗಿ?" ಎಂದು ಕೇಳಿದ.

ಅಲ್ಲಿಯ ತನಕ ಈ ಕುರಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಮಾಸೆ ಕಳೀಲಿ ಮಾವ," ಎಂದಳು.